ಕೊರತೆ ಹುಡುಗರಲ್ಲಲ್ಲ, ಕ್ಲಾಸು ನಡೆಯುವ ರೀತಿಯಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಬೇರೆ ಬೇರೆ ಭಾಷೆ, ಜನಾಂಗ, ಹಿನ್ನೆಲೆಯಿಂದ ಬಂದ ಹುಡುಗ ಹುಡುಗಿಯರು ಕಾಲೇಜಿನ ಒಂದೇ ಕ್ಲಾಸಿನಲ್ಲಿ ಕೂತಿರುತ್ತಾರೆ. ಅವರೆಲ್ಲರಿಗೂ ತಲುಪುವ ಹಾಗೆ ಪಾಠ ಮಾಡುವುದು ಹೇಗೆ? ಇವತ್ತಿನ ವಿಷಯ ಇದು. ನಾಳೆಯ ಪಾಠದ ನೋಟ್ಸನ್ನು ಮುಂದಿಟ್ಟುಕೊಂಡು ಒಂದು ಕಿವಿಯಲ್ಲಿ ರೇಡಿಯೋ ಕೇಳುತ್ತಿರುವ ಅಧ್ಯಾಪಕರನ್ನು ನೆನೆದುಕೊಂಡು ಮಾತಾಡುತ್ತೇನೆ. ವಿದ್ಯಾರ್ಥಿಗಳೂ ಕೇಳಿ, ನಿಮಗೂ ಉಪಯೋಗ ಇದೆ.

ಈ ವಿಷಯ ಎತ್ತಿದ ಕೂಡಲೇ ನನಗೆ ಎರಡು ಉತ್ತರ ಸಿಗುತ್ತವೆ. ಒಂದು, "ವರ್ಷಕ್ಕೊಮ್ಮೆ ಸಾಂಸ್ಕೃತಿಕ ದಿನ ಮಾಡ್ತೀವಲ್ಲ." ಇನ್ನೊಂದು, "ನನಗೆ ಎಲ್ಲರೂ ಒಂದೇ, ಭೇದ ಮಾಡಲ್ಲ." ಎರಡೂ ಒಳ್ಳೆಯ ಮನಸ್ಸಿನ ಮಾತೇ, ಇಲ್ಲ ಅನ್ನುವುದಿಲ್ಲ. ಆದರೆ ಎರಡರಿಂದಲೂ ಫೇಲಾದವರ ಪಟ್ಟಿ ಒಂದು ಸಾಲೂ ಚಿಕ್ಕದಾಗುವುದಿಲ್ಲ. ಹಾಡು ಕುಣಿತ ಮುಗಿದ ಮಾರನೇ ದಿನ ಅದೇ ನಾಲ್ಕು ಜನ ಉತ್ತರ ಹೇಳುತ್ತಾರೆ, ಉಳಿದವರು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ. ಅಲ್ವಾ?

ನಾನು ಹೇಳುವುದು ಒಂದೇ ಮಾತು. ಒಂದು ಗುಂಪಿನ ವಿದ್ಯಾರ್ಥಿಗಳು ಮತ್ತೆ ಮತ್ತೆ ಹಿಂದೆ ಬೀಳುತ್ತಿದ್ದರೆ ಕೊರತೆಯನ್ನು ಅವರಲ್ಲಿ ಹುಡುಕಬೇಡಿ. ಕ್ಲಾಸು ನಡೆಯುವ ರೀತಿಯಲ್ಲಿ ಹುಡುಕಿ.

ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಇದೆ. 1970ರ ದಶಕದ ಕೊನೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್. ಯೂರಿ ಟ್ರೈಸ್‌ಮನ್ ಅಂತ ಗಣಿತದವರು, ಆಗಿನ್ನೂ ಅಲ್ಲಿ ಸಂಶೋಧನಾ ವಿದ್ಯಾರ್ಥಿ. ಮೊದಲ ವರ್ಷದ ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ ಕಪ್ಪು ವರ್ಣೀಯ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಎಡವುತ್ತಿದ್ದರು. ಚೀನಾ ಮೂಲದ ವಿದ್ಯಾರ್ಥಿಗಳು ಚೆನ್ನಾಗಿ ಮಾಡುತ್ತಿದ್ದರು. ಯಾಕೆ ಹೀಗೆ ಅಂತ ಟ್ರೈಸ್‌ಮನ್ ಅಧ್ಯಾಪಕರನ್ನು ಕೇಳಿದರು. ಉತ್ತರಗಳು ರೆಡಿಯಾಗಿದ್ದವು. ಓದುವ ಆಸೆ ಇಲ್ಲ, ತಳಪಾಯ ಗಟ್ಟಿ ಇಲ್ಲ, ಮನೆಯವರ ಬೆಂಬಲ ಇಲ್ಲ, ಬಡತನ. ನೋಡಿ, ನಾಲ್ಕಕ್ಕೆ ನಾಲ್ಕೂ ಕಾರಣ ಹುಡುಗರ ಮೇಲೇ! ಕ್ಲಾಸಿನ ಬಗ್ಗೆ ಒಂದೂ ಇಲ್ಲ.

ಟ್ರೈಸ್‌ಮನ್ ಈ ಉತ್ತರಗಳನ್ನು ಸುಮ್ನೆ ಒಪ್ಪಿಕೊಳ್ಳಲಿಲ್ಲ. ಎರಡೂ ಗುಂಪಿನಿಂದ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಆರಿಸಿಕೊಂಡು, ಅವರು ಓದುವ ಜಾಗಕ್ಕೇ ಹೋಗಿ, ಹೇಗೆ ಓದುತ್ತಾರೆ ಅಂತ ತಿಂಗಳುಗಟ್ಟಲೆ ನೋಡಿದರು. ಕಂಡದ್ದೇ ಬೇರೆ. ಕಪ್ಪು ವಿದ್ಯಾರ್ಥಿಗಳ ಮನೆಯವರಿಗೆ ಮಕ್ಕಳ ಓದಿನ ಬಗ್ಗೆ ಅಪಾರ ಕಾಳಜಿ ಇತ್ತು. ಹುಡುಗರು ತಮ್ಮ ಹೈಸ್ಕೂಲಿನಲ್ಲಿ ಮುಂದಿದ್ದವರು. ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಮನೆಯಲ್ಲಿ ಓದಿ ಅಂತ ಮೇಷ್ಟ್ರು ಹೇಳಿದ್ದರು, ಅವರು ಅಚ್ಚುಕಟ್ಟಾಗಿ ಅಷ್ಟೇ ಓದುತ್ತಿದ್ದರು. ವಾರಕ್ಕೆ ಸುಮಾರು 8 ಗಂಟೆ. ಒಬ್ಬೊಬ್ಬರೇ, ಬಾಗಿಲು ಹಾಕಿಕೊಂಡು.

ಚೀನಾ ಮೂಲದವರೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಒಂಟಿಯಾಗಿ ಓದುತ್ತಿದ್ದರು. ಆಮೇಲೆ ಒಟ್ಟಿಗೆ ಸೇರುತ್ತಿದ್ದರು. ಒಬ್ಬರ ಉತ್ತರ ಇನ್ನೊಬ್ಬರು ತಾಳೆ ನೋಡುವುದು, ಬರೆದ ಇಂಗ್ಲಿಷ್ ತಿದ್ದುವುದು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು. ಇದರಿಂದ ಏನಾಗುತ್ತಿತ್ತು ಗೊತ್ತಾ? ಒಂದು ಲೆಕ್ಕ ಯಾರಿಗೂ ಬರಲಿಲ್ಲ ಅಂದರೆ, ಓ, ಇದು ಎಲ್ಲರಿಗೂ ಕಷ್ಟದ್ದೇ ಅಂತ ನಿರಾಳವಾಗುತ್ತಿದ್ದರು. ತನಗೊಬ್ಬನಿಗೇ ಬರಲಿಲ್ಲ ಅಂದರೆ ಅಲ್ಲೇ ಕೇಳಿ ಕಲಿಯುತ್ತಿದ್ದರು. ಬಾಗಿಲು ಹಾಕಿಕೊಂಡು ಕೂತವನಿಗೆ ಎರಡೂ ಗೊತ್ತಾಗುತ್ತಿರಲಿಲ್ಲ. ಪರೀಕ್ಷೆ ಚೆನ್ನಾಗಿಯೇ ಬರೆದೆ ಅಂದುಕೊಂಡು ಬರುತ್ತಿದ್ದ, ಅಂಕ ನೋಡಿ ಕುಸಿಯುತ್ತಿದ್ದ. ತಪ್ಪು ನನ್ನದೇ, ಇನ್ನೂ ಜಾಸ್ತಿ ಓದಬೇಕು ಅಂತ ಮತ್ತೆ ಅದೇ ಬಾಗಿಲು ಹಾಕಿಕೊಳ್ಳುತ್ತಿದ್ದ.

ಹಿಂದುಳಿದವರಿಗೆ ಅಂತ ವಿಶ್ವವಿದ್ಯಾಲಯದಲ್ಲಿ ಸಹಾಯದ ತರಗತಿಗಳಿದ್ದವು. ಈ ವಿದ್ಯಾರ್ಥಿಗಳು ಅತ್ತ ತಲೆ ಹಾಕುತ್ತಿರಲಿಲ್ಲ. ಹೇಗೆ ಹಾಕುತ್ತಾರೆ? ಹೈಸ್ಕೂಲಿನಲ್ಲಿ ಬೇರೆಯವರಿಗೆ ಹೇಳಿಕೊಟ್ಟವರು ಇವರು. "ನೀನು ದಡ್ಡ, ಬಾ" ಅಂತ ಕರೆದರೆ ಯಾರು ಬರುತ್ತಾರೆ ಹೇಳಿ!

1978ರಲ್ಲಿ ಟ್ರೈಸ್‌ಮನ್ ಬೇರೆಯದೇ ಒಂದು ಕಾರ್ಯಾಗಾರ ಶುರುಮಾಡಿದರು. ಪ್ರತಿಭಾವಂತರಿಗೆ ಇದು, ನೀವೂ ಬನ್ನಿ ಅಂತ ಆಹ್ವಾನ ಕೊಟ್ಟರು. ಸುಲಭದ ಲೆಕ್ಕ ಕೊಡಲಿಲ್ಲ, ಕ್ಲಾಸಿಗಿಂತ ಕಷ್ಟದ ಲೆಕ್ಕ ಕೊಟ್ಟರು. ಸಣ್ಣ ಸಣ್ಣ ಗುಂಪಿನಲ್ಲಿ ಕೂರಿಸಿ, ಮಾತಾಡಿಕೊಂಡೇ ಬಿಡಿಸಿ ಅಂದರು. ಬಂದವರ ಫಲಿತಾಂಶ ಎದ್ದು ಕಾಣುವಷ್ಟು ಸುಧಾರಿಸಿತು. ಹುಡುಗರು ಬದಲಾಗಿರಲಿಲ್ಲ, ಮನೆ ಬದಲಾಗಿರಲಿಲ್ಲ, ಸಂಪಾದನೆ ಬದಲಾಗಿರಲಿಲ್ಲ. ಕಲಿಯುವ ಏರ್ಪಾಡು ಬದಲಾಗಿತ್ತು. ಮತ್ತೆ ಹೇಳುತ್ತೇನೆ, ಏರ್ಪಾಡು. ಆಮೇಲೆ ಇದೇ ಮಾದರಿ ಅಮೆರಿಕದ ಬೇರೆ ಕಾಲೇಜುಗಳಿಗೂ ಹೋಯಿತು.

ಈ ಪ್ರಸಂಗ ಶುರು ಮಾಡಿದರೆ ನನಗೆ ನಿಲ್ಲಿಸುವುದು ಕಷ್ಟ, ಸ್ಟುಡಿಯೋದ ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಅನ್ನುವ ಸಂಶೋಧಕಿ ತರಗತಿಗಳನ್ನು ರೆಕಾರ್ಡ್ ಮಾಡಿ ಅಳೆದು ನೋಡಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸುಮಾರು 1 ಸೆಕೆಂಡು! ಅದನ್ನು 3 ಸೆಕೆಂಡು ಮಾಡಿದಾಗ ಉತ್ತರಗಳು ಉದ್ದವಾದವು, ಅಲ್ಲಿಯವರೆಗೆ ಬಾಯಿ ಬಿಡದವರೂ ಮಾತಾಡಿದರು. ಮನೆಯಲ್ಲಿ ಒಂದು ಭಾಷೆ, ಪಾಠದಲ್ಲಿ ಇನ್ನೊಂದು ಭಾಷೆ ಇರುವವರಿಗೆ ಆ ಎರಡು ಸೆಕೆಂಡು ಎಷ್ಟು ದೊಡ್ಡದು ಅಂತ ಯೋಚಿಸಿ. ಒಂದು ಪೈಸೆ ಖರ್ಚಿಲ್ಲ. ಆದರೂ ಮಾಡುವವರು ಕಡಿಮೆ, ಅದೇ ನನಗೆ ಬೇಜಾರು.

ಗುಂಪು ಮಾಡುವಾಗ "ನಿಮಗೆ ಬೇಕಾದವರ ಜೊತೆ ಸೇರಿಕೊಳ್ಳಿ" ಅನ್ನಬೇಡಿ. ಗೆಳೆಯರು ಗೆಳೆಯರ ಜೊತೆ ಹೋಗುತ್ತಾರೆ, ಒಂಟಿಯಾದವರು ಒಂಟಿಯಾಗಿಯೇ ಉಳಿಯುತ್ತಾರೆ. ಗುಂಪು ನೀವೇ ಮಾಡಿ. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಡಿ, ಪ್ರತಿಯೊಬ್ಬರೂ ತಮ್ಮ ಭಾಗ ಉಳಿದವರಿಗೆ ಕಲಿಸಲಿ. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಜನಾಂಗ ಜನಾಂಗದ ನಡುವೆ ಜಗಳ ಹೊತ್ತಿದ್ದ ಶಾಲೆಗಳಲ್ಲಿ ಎಲಿಯಟ್ ಅರಾನ್ಸನ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಮಾಡಿದ್ದು ಇದನ್ನೇ. ಎದುರಿನವನ ಮಾತು ಕೇಳದೆ ಪಾಠ ಪೂರ್ತಿಯಾಗುವುದಿಲ್ಲ ಅಂದಾಗ ಹುಡುಗರು ಕೇಳಲೇಬೇಕಾಯಿತು. ಕಾಲೇಜಿನಲ್ಲೂ ಇದು ಚೆನ್ನಾಗಿ ನಡೆಯುತ್ತದೆ.

"ಸಿಲಬಸ್ ಮುಗಿಯಲ್ಲ" ಅಂತ ಯಾರೋ ಗೊಣಗುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ನೀವು ಮುಗಿಸುತ್ತೀರಿ, ಸರಿ. ಅವರು ಕಲಿಯುತ್ತಾರಾ? ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಕಾಲೇಜು ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆ 2014ರಲ್ಲಿ ಬಂತು. ಬರೀ ಉಪನ್ಯಾಸ ಇದ್ದ ಕಡೆ ಫೇಲಾದವರು ನೂರಕ್ಕೆ 34ರಷ್ಟು. ವಿದ್ಯಾರ್ಥಿಗಳೇ ಕೈ ಹಾಕಿ ಕಲಿಯುವ ಕಡೆ 22ರಷ್ಟು. ಹಿಂದುಳಿದ ಗುಂಪುಗಳಿಗೂ ಉಳಿದವರಿಗೂ ನಡುವಿನ ಅಂತರವೂ ಅಂಥ ತರಗತಿಗಳಲ್ಲಿ ಕಡಿಮೆಯಾಗುತ್ತದೆ ಅಂತ 2020ರ ಇನ್ನೊಂದು ವಿಶ್ಲೇಷಣೆ ತೋರಿಸಿತು.

ಹೆಸರುಗಳನ್ನು ಸರಿಯಾಗಿ ಕರೆಯುವುದು, ಉದಾಹರಣೆಗಳಲ್ಲಿ ಎಲ್ಲ ಬಗೆಯ ಜನ ಬರುವಂತೆ ನೋಡಿಕೊಳ್ಳುವುದು, ಪುಸ್ತಕಪಟ್ಟಿಯಲ್ಲಿ ಒಂದೇ ಕಡೆಯ ಲೇಖಕರು ತುಂಬದಂತೆ ಎಚ್ಚರ ವಹಿಸುವುದು, ಇವೆಲ್ಲ ಬೇಕು. ಬಿಡಿಸಿ ಹೇಳಲು ಹೊತ್ತಿಲ್ಲ.

ಒಂದು ಕೆಲಸ ಮಾತ್ರ ನಾಳೆಯೇ ಮಾಡಿ. ಅಸೈನ್‌ಮೆಂಟ್ ಕೊಡುವಾಗ ಇದು ಯಾಕೆ, ಹೇಗೆ ಮಾಡಬೇಕು, ಅಂಕ ಯಾವುದಕ್ಕೆ ಅನ್ನುವುದನ್ನು ಬರೆದು ಕೊಡಿ. ಮನೆಯಲ್ಲಿ ಕಾಲೇಜು ಓದಿದ ಅಣ್ಣ ಅಕ್ಕ ಇರುವವರು ಇದನ್ನು ಅವರಿಂದ ಕೇಳಿ ತಿಳಿಯುತ್ತಾರೆ. ಇಲ್ಲದವರು ನಿಮ್ಮನ್ನೇ ಕೇಳಬೇಕು, ಕೇಳಲು ಹೆದರುತ್ತಾರೆ. ಬರೆದು ಕೊಟ್ಟ ಮೇಲೆ ಹಿಂದಿನ ಬೆಂಚಿನ ಯಾರಾದರೊಬ್ಬರಿಗೆ, "ಇದನ್ನು ಓದಿ ನಿನಗೆ ಏನು ಅರ್ಥ ಆಯ್ತು?" ಅಂತ ಕೇಳಿ. ಕೇಳಿ, ಮೂರು ಸೆಕೆಂಡು ಕಾಯಿರಿ. ನಮಸ್ಕಾರ.