ಹೆಸರು ಮೊದಲು, ವಿವರ ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮುಂಬಯಿ ಕಡೆಯ ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಇರುವ ಯಾವುದಾದರೂ ಹೌಸಿಂಗ್ ಸೊಸೈಟಿಯ ನೋಟಿಸ್ ಬೋರ್ಡನ್ನು ಓದಿ ನೋಡಿ. ಈ ಬಗೆಯ ಇಂಗ್ಲಿಷ್ ವಾಕ್ಯವೊಂದು ಅಲ್ಲಿ ಸಿಕ್ಕೀತು: ‘ಮೆಂಬರ್ಸ್ ಹೂ ಹ್ಯಾವ್ ನಾಟ್ ಪೇಯ್ಡ್ ಮಸ್ಟ್ ಮೀಟ್ ದ ಸೆಕ್ರೆಟರಿ.’ ಹಣ ಕಟ್ಟದ ಸದಸ್ಯರು ಕಾರ್ಯದರ್ಶಿಯನ್ನು ಕಾಣಬೇಕು ಎಂದರ್ಥ. ಇದರಲ್ಲಿ ‘ಮೆಂಬರ್ಸ್’ ನಾಮಪದ. ‘ಹೂ’ ಎಂದು ಶುರುವಾಗುವ ತುಂಡು ಆ ಸದಸ್ಯರು ಯಾರೆಂದು ಗುರುತಿಸುವ ಉಪವಾಕ್ಯ. ‘ಮಸ್ಟ್’ ಎಂಬುದು ಮೋಡಲ್ ಕ್ರಿಯಾಪದ, ಅಂದರೆ ಬೇಕು, ಬಹುದು, ಕೂಡದು ಎಂಬ ಭಾವವನ್ನು ಹೊರುವ ಸಹಾಯಕ ಕ್ರಿಯಾಪದ.

ಬ್ಯಾಂಕಿನ ಪತ್ರ, ಆಸ್ಪತ್ರೆಯ ಫಾರಂ, ಬಾಡಿಗೆಯ ಕರಾರು, ಎಲ್ಲಿ ನೋಡಿದರೂ ಈ ಮೂರು ಕೂಡಿಯೇ ಬರುತ್ತವೆ. ಆದರೆ ತರಗತಿಯಲ್ಲಿ ನಾಮಪದದ ಪಾಠ ಜೂನ್ ತಿಂಗಳಲ್ಲಿ, ಮೋಡಲ್ ದೀಪಾವಳಿಯ ಹೊತ್ತಿಗೆ, ಉಪವಾಕ್ಯ ಪರೀಕ್ಷೆಯ ಹಿಂದಿನ ವಾರ. ಸಂಜೆ ಕೆಲಸ ಮುಗಿಸಿ ಬರುವ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವ ನನಗೆ ಈ ಕ್ರಮ ಒಪ್ಪಿಗೆಯಿಲ್ಲ. ಮೂರನ್ನೂ ಒಂದೇ ವಾಕ್ಯದಲ್ಲಿ, ಮೊದಲ ವಾರದಿಂದಲೇ ಕಲಿಸಬೇಕು. ಕಲಿಸಲು ಬೇಕಾದ ಸಾಮಗ್ರಿಯೂ ನಮ್ಮ ಕನ್ನಡದಲ್ಲೇ ಇದೆ.

‘ಹಣ ಕಟ್ಟದ ಸದಸ್ಯರು’ ಎಂಬ ಮಾತನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ವಿವರ ಮೊದಲು ಬರುತ್ತದೆ, ಹೆಸರು ಕೊನೆಗೆ. ‘ನಿನ್ನೆ ಸಯಾನ್ ಸ್ಟೇಷನ್ನಿನಲ್ಲಿ ಅಜ್ಜಿಯ ಚೀಲ ಹೊತ್ತುಕೊಂಡ ಹುಡುಗಿ’ ಎಂದರೆ, ಹುಡುಗಿ ಎನ್ನುವ ತನಕ ನಾವು ಯಾರ ಮಾತು ಇದು ಎಂದು ಕಾಯುತ್ತೇವೆ. ಇಂಗ್ಲಿಷ್ ‘ದ ಗರ್ಲ್’ ಎಂದು ಹೆಸರನ್ನು ಮೊದಲೇ ಹೇಳಿ, ‘ಹೂ’ ಎಂದು ವಿವರವನ್ನು ಹಿಂದೆ ಜೋಡಿಸುತ್ತದೆ. ಹೀಗಾಗಿ ಹೆಸರಿಗೂ ಅದರ ಕ್ರಿಯಾಪದಕ್ಕೂ ನಡುವೆ ದೂರ ಬೀಳುತ್ತದೆ. ಕಲಿಯುವವರು ಎಡವುವುದು ಆ ದೂರದಲ್ಲಿ. ‘ದ ವುಮನ್ ಹೂ ಲಿವ್ಸ್ ನಿಯರ್ ದ ಶಾಪ್ಸ್ ಕ್ಯಾನ್ ಸ್ಪೀಕ್ ಕನ್ನಡ’ ಎಂಬ ವಾಕ್ಯವನ್ನು ಕೇಳಿದಾಗ ಕಿವಿ ‘ಶಾಪ್ಸ್ ಕ್ಯಾನ್’ ಎಂಬ ಎರಡು ಪದಗಳನ್ನು ಕೂಡಿಸಿಬಿಡುತ್ತದೆ. ಕನ್ನಡ ಮಾತನಾಡಬಲ್ಲವಳು ಆ ಹೆಂಗಸು, ಅಂಗಡಿಗಳಲ್ಲ. ದಾದರಿನಲ್ಲಿ ಹತ್ತಿ ಠಾಣೆಯಲ್ಲಿ ಇಳಿಯಬೇಕಾದವರು ನಡುವೆ ಕುರ್ಲಾ, ಘಾಟ್‌ಕೋಪರ್ ಬಂದರೂ ಸೀಟು ಬಿಡುವುದಿಲ್ಲವಲ್ಲ, ಹಾಗೆ ‘ವುಮನ್’ ಎಂಬ ಹೆಸರನ್ನು ಮನಸ್ಸಿನಲ್ಲಿ ಹಿಡಿದುಕೊಂಡು ‘ಕ್ಯಾನ್’ ಬರುವ ತನಕ ಕುಳಿತಿರಬೇಕು.

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ‘ನಾನು ಬರೆದ ಪತ್ರ’, ‘ನಾನು ಬರೆದ ಪೆನ್ನು’, ‘ನಾನು ಬರೆದ ಮೇಜು’. ಮೂರೂ ಕನ್ನಡದಲ್ಲಿ ಒಂದೇ ಅಚ್ಚಿನವು. ಆದರೆ ಬರೆದದ್ದು ಪತ್ರವನ್ನು, ಪೆನ್ನಿನಿಂದ, ಮೇಜಿನ ಮೇಲೆ. ಕನ್ನಡ ಆ ವಿಭಕ್ತಿಗಳನ್ನು ಬಿಟ್ಟುಕೊಡುತ್ತದೆ, ಕೇಳುವವರ ಲೋಕಜ್ಞಾನವನ್ನು ನಂಬಿ ಮುಂದೆ ಹೋಗುತ್ತದೆ. ನನಗೆ ಇದು ನಮ್ಮ ಭಾಷೆಯ ಬಹಳ ಚೆಲುವಾದ ಗುಣವೆನಿಸುತ್ತದೆ. ಇಂಗ್ಲಿಷಿನಲ್ಲಿ ಆ ಸಂಬಂಧವನ್ನು ಬಾಯಿಬಿಟ್ಟು ಹೇಳಲೇಬೇಕು: ‘ದ ಲೆಟರ್ ಐ ರೋಟ್’, ಆದರೆ ‘ದ ಪೆನ್ ಐ ರೋಟ್ ವಿತ್’. ‘ನಾನು ಇರುವ ಕೋಣೆ’ ಎಂಬುದನ್ನು ನಮ್ಮವರು ‘ದ ರೂಮ್ ವಿಚ್ ಐ ಲಿವ್’ ಎಂದು ನಿಲ್ಲಿಸುತ್ತಾರೆ. ಕೊನೆಯ ‘ಇನ್’ ಬಿಟ್ಟುಹೋಗಿರುತ್ತದೆ. ಅದಕ್ಕೆ ನಾನು ಹೇಳಿಕೊಡುವ ಉಪಾಯ ಸರಳ. ಮೊದಲು ಪೂರ್ಣ ಕನ್ನಡ ವಾಕ್ಯ ಮಾಡಿಕೊಳ್ಳಿ: ನಾನು ಕೋಣೆಯಲ್ಲಿ ಇದ್ದೇನೆ. ಅಲ್ಲಿರುವ ‘ಅಲ್ಲಿ’ ಎಂಬ ಪ್ರತ್ಯಯವೇ ಇಂಗ್ಲಿಷಿನ ‘ಇನ್’. ಅದು ವಾಕ್ಯದಲ್ಲಿ ಎಲ್ಲಾದರೂ ಉಳಿಯಬೇಕು. ‘ದ ರೂಮ್ ಐ ಲಿವ್ ಇನ್’ ಎಂದರೂ ಸರಿ, ‘ದ ರೂಮ್ ಇನ್ ವಿಚ್ ಐ ಲಿವ್’ ಎಂದರೂ ಸರಿ.

ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ‘ಜೋ ಮುಲಗಾ ಕಾಲ್ ಆಲಾ, ತೋ ಮಾಝಾ ಭಾವೂ ಆಹೇ’ ಎಂಬ ಮರಾಠಿ ಮಾತು ಅವರ ಕಿವಿಗೆ ಹೊಸದಲ್ಲ. ನಿನ್ನೆ ಬಂದ ಹುಡುಗ ನನ್ನ ಸಹೋದರ ಎಂದರ್ಥ. ಆ ‘ಜೋ’ ಇಂಗ್ಲಿಷಿನ ‘ಹೂ’ ಮಾಡುವ ಕೆಲಸಕ್ಕೆ ಹತ್ತಿರವಾದುದು. ಮೂರು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಗೊಂದಲವಾಗುತ್ತದೆ ಎಂದು ಹೆದರುವ ತಂದೆತಾಯಿಗಳಿಗೆ ನಾನು ಇದನ್ನೇ ತೋರಿಸುತ್ತೇನೆ.

ಮೋಡಲ್‌ಗಳ ವಿಷಯದಲ್ಲಿ ಕನ್ನಡಿಗರು ಹೆದರಬೇಕಾಗಿಯೇ ಇಲ್ಲ. ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು. ನಮ್ಮ ‘ಬೇಕು’ ಯಾರಿಗಾಗಿಯೂ ರೂಪ ಬದಲಿಸುವುದಿಲ್ಲ. ‘ಮಸ್ಟ್’ ಕೂಡ ಹಾಗೆಯೇ, ಅದರ ನಂತರ ಬರುವ ಕ್ರಿಯಾಪದವೂ ಹಾಗೆಯೇ. ‘ಷಿ ಮಸ್ಟ್ ಗೋಸ್’ ಎನ್ನುವವರಿಗೆ ಈ ‘ಬೇಕು’ವನ್ನು ನೆನಪಿಸಿದರೆ ಸಾಕು. ಸಾಮ್ಯ ಇನ್ನೂ ದೂರ ಹೋಗುತ್ತದೆ. ‘ಅವರು ಮನೆಯಲ್ಲಿರಬೇಕು’ ಎಂದರೆ ಅಪ್ಪಣೆಯೂ ಆದೀತು, ಊಹೆಯೂ ಆದೀತು. ‘ದೇ ಮಸ್ಟ್ ಬಿ ಅಟ್ ಹೋಮ್’ ಎಂಬುದಕ್ಕೂ ಅದೇ ಎರಡು ಅರ್ಥ. ‘ಅವಳು ಬರಬಹುದು’ ಎಂಬುದರಲ್ಲಿ ಅನುಮತಿಯೂ ಸಾಧ್ಯತೆಯೂ ಇರುವಂತೆ ‘ಷಿ ಮೇ ಕಮ್’ ಎಂಬುದರಲ್ಲೂ ಇವೆ. ಸಂಬಂಧವೇ ಇಲ್ಲದ ಎರಡು ಭಾಷಾಕುಟುಂಬಗಳು ಇಷ್ಟು ಹತ್ತಿರ ಬಂದಿರುವುದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಎಚ್ಚರ ಬೇಕಾದದ್ದು ನಿಷೇಧದಲ್ಲಿ. ‘ಮಸ್ಟ್ ನಾಟ್’ ಎಂದರೆ ಕೂಡದು. ‘ನೀಡ್ ನಾಟ್’ ಎಂದರೆ ಬೇಕಾಗಿಲ್ಲ. ಈ ಮಾತ್ರೆ ತೆಗೆದುಕೊಳ್ಳುವವರು ವಾಹನ ಓಡಿಸಕೂಡದು ಎಂದು ಬರೆದಿರುವುದನ್ನು ಓಡಿಸಬೇಕಾಗಿಲ್ಲ ಎಂದು ಓದಿಕೊಂಡರೆ ಜೀವಕ್ಕೇ ಅಪಾಯ.

ಈಗ ಮೋಡಲ್ ಅನ್ನು ಉಪವಾಕ್ಯದ ಒಳಗೂ ಹೊರಗೂ ಇಟ್ಟು ನೋಡೋಣ. ‘ಹಣ ಕಟ್ಟಬಲ್ಲವರು ಬರಬೇಕು’ ಎಂಬುದು ‘ದೋಸ್ ಹೂ ಕ್ಯಾನ್ ಪೇ ಮಸ್ಟ್ ಕಮ್’. ‘ಹಣ ಕಟ್ಟಬೇಕಾದವರು ಬರಬಹುದು’ ಎಂಬುದು ‘ದೋಸ್ ಹೂ ಮಸ್ಟ್ ಪೇ ಮೇ ಕಮ್’. ಮೊದಲನೆಯದರಲ್ಲಿ ಬರುವುದು ಕಡ್ಡಾಯ, ಎರಡನೆಯದರಲ್ಲಿ ಕಟ್ಟುವುದು ಕಡ್ಡಾಯ. ಬೇಕಾದ, ಬಹುದಾದ, ಬಾರದ, ಕೂಡದ ಎಂಬ ರೂಪಗಳನ್ನು ನಾವು ದಿನವೂ ಬಳಸುತ್ತೇವೆ: ಕಟ್ಟಬೇಕಾದ ಬಿಲ್ಲು, ತಿನ್ನಬಹುದಾದ ಹಣ್ಣು, ಆಡಬಾರದ ಮಾತು. ಪ್ರತಿಯೊಂದರಲ್ಲೂ ನಾಮಪದ, ಮೋಡಲ್, ಉಪವಾಕ್ಯ ಮೂರೂ ಇವೆ. ಇಂಗ್ಲಿಷಿನಲ್ಲಿ ಇವನ್ನು ಬಿಡಿಸಿ ಹೆಸರಿನ ಹಿಂದೆ ಇಡಬೇಕು, ಅಷ್ಟೆ: ‘ದ ಬಿಲ್ ದಟ್ ಮಸ್ಟ್ ಬಿ ಪೇಯ್ಡ್’.

ಅಲ್ಪವಿರಾಮದ ಮಾತನ್ನು ರೇಡಿಯೋದಲ್ಲಿ ಹೇಳುವುದೇ ಸುಲಭ, ಏಕೆಂದರೆ ಅದು ಕಿವಿಗೆ ಕೇಳಿಸುತ್ತದೆ. ‘ಮೆಂಬರ್ಸ್ ಹೂ ಹ್ಯಾವ್ ನಾಟ್ ಪೇಯ್ಡ್ ಮಸ್ಟ್ ಮೀಟ್ ದ ಸೆಕ್ರೆಟರಿ’ ಎಂದು ಒಂದೇ ಉಸಿರಿಗೆ ಹೇಳಿದರೆ ಕಟ್ಟದವರು ಮಾತ್ರ ಹೋಗಬೇಕು. ‘ದ ಮೆಂಬರ್ಸ್, ಹೂ ಹ್ಯಾವ್ ನಾಟ್ ಪೇಯ್ಡ್, ಮಸ್ಟ್ ಮೀಟ್ ದ ಸೆಕ್ರೆಟರಿ’ ಎಂದು ಎರಡು ಕಡೆ ತಡೆದರೆ ಸದಸ್ಯರೆಲ್ಲರೂ ಬಾಕಿದಾರರಾಗುತ್ತಾರೆ. ನೋಟಿಸ್ ಬರೆಯುವವರು ದಯವಿಟ್ಟು ಇದನ್ನು ಗಮನಿಸಬೇಕು.

ಈ ನಗರದ ಕನ್ನಡಿಗರಿಗೆ ಇಂಗ್ಲಿಷ್ ವಾಕ್ಯ ಹೊಟ್ಟೆಪಾಡಿನ ವಿಷಯವಾಗಿತ್ತು. ಕರಾವಳಿಯಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಸಂಘಸಂಸ್ಥೆಗಳು ನಡೆಸುತ್ತಿದ್ದ ಶಾಲೆಗಳಲ್ಲಿ ಕುಳಿತು ಓದಿದವರು ಎಷ್ಟೋ ಮಂದಿ. ಮಹಾನಗರಪಾಲಿಕೆಯೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಕರ್ನಾಟಕದ ಹೊರಗೆ ಇಂಥ ಶಾಲೆಗಳು ನಿಲ್ಲಲು ಬಲ ಕೊಡುವ ವಾಕ್ಯಗಳೂ ಇದೇ ಅಚ್ಚಿನಲ್ಲಿವೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 29ನೇ ವಿಧಿಯ ಮೊದಲ ಖಂಡವನ್ನು ನಿಧಾನವಾಗಿ ಓದುತ್ತೇನೆ: ‘ಎನಿ ಸೆಕ್ಷನ್ ಆಫ್ ದ ಸಿಟಿಜನ್ಸ್ ರಿಸೈಡಿಂಗ್ ಇನ್ ದ ಟೆರಿಟರಿ ಆಫ್ ಇಂಡಿಯಾ ಆರ್ ಎನಿ ಪಾರ್ಟ್ ದೇರಾಫ್ ಹ್ಯಾವಿಂಗ್ ಎ ಡಿಸ್ಟಿಂಕ್ಟ್ ಲ್ಯಾಂಗ್ವೇಜ್, ಸ್ಕ್ರಿಪ್ಟ್ ಆರ್ ಕಲ್ಚರ್ ಆಫ್ ಇಟ್ಸ್ ಓನ್ ಶಲ್ ಹ್ಯಾವ್ ದ ರೈಟ್ ಟು ಕನ್ಸರ್ವ್ ದ ಸೇಮ್.’

ಹೆಸರು ‘ಸೆಕ್ಷನ್’. ಅದರ ಮೋಡಲ್ ‘ಶಲ್’. ನಡುವೆ ಇರುವ ‘ರಿಸೈಡಿಂಗ್’, ‘ಹ್ಯಾವಿಂಗ್’ ಎಂಬವು ‘ವಾಸಿಸುವ’, ‘ಹೊಂದಿರುವ’ ಎಂಬ ನಮ್ಮ ಕೃದಂತಗಳ, ಅಂದರೆ ಕ್ರಿಯಾಪದದಿಂದ ಹುಟ್ಟಿ ಹೆಸರನ್ನು ವಿವರಿಸುವ ಪದಗಳ, ಸಮೀಪದವು, ‘ಹೂ’, ‘ವಿಚ್’ ಬಿಟ್ಟು ಮೊಟಕಾದ ಉಪವಾಕ್ಯಗಳು. ತನ್ನದೇ ಭಾಷೆ, ಲಿಪಿ ಅಥವಾ ಸಂಸ್ಕೃತಿ ಹೊಂದಿರುವ ನಾಗರಿಕರ ಯಾವ ವರ್ಗಕ್ಕೇ ಆಗಲಿ, ಅದನ್ನು ಕಾಪಾಡಿಕೊಳ್ಳುವ ಹಕ್ಕು ಇರತಕ್ಕದ್ದು. ಆ ‘ತಕ್ಕದ್ದು’ ಎಂಬುದೇ ಇಲ್ಲಿಯ ‘ಶಲ್’. ಅದರ ಜಾಗದಲ್ಲಿ ‘ಮೇ’ ಇಟ್ಟಿದ್ದರೆ ಹಕ್ಕಿನ ಮಾತು ಸಡಿಲವಾಗುತ್ತಿತ್ತು.

ಇದರ ಮುಂದಿನ ವಿಧಿ 30. ಭಾಷಾ ಅಲ್ಪಸಂಖ್ಯಾತರು ತಮಗೆ ಬೇಕಾದ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಅದರಲ್ಲಿದೆ. ಅದರ ಮೊದಲ ಖಂಡದಲ್ಲಿ ‘ಶಲ್’ ಯಾವ ಹೆಸರಿಗೆ ಸೇರಿದ್ದು, ಹೆಸರಿಗೂ ಅದಕ್ಕೂ ನಡುವೆ ಏನಿದೆ ಎಂಬುದನ್ನು ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರೊಡನೆ ಕುಳಿತು ಹುಡುಕಿ. ನಮಸ್ಕಾರ.