ಸ್ಕೀಟರ್ ಡೇವಿಸ್ ಹಾಡಿದ್ದು ಬರೀ ಮುರಿದ ಪ್ರೀತಿಯ ಹಾಡಲ್ಲ
ಪ್ರೀತಿ ಮುರಿದಾಗ ಕೇಳೋ ಹಳೇ ಇಂಗ್ಲಿಷ್ ಹಾಡುಗಳ ಪಟ್ಟಿ ಯಾರೇ ಮಾಡಲಿ, ಅಮೆರಿಕದ ಗಾಯಕಿ ಸ್ಕೀಟರ್ ಡೇವಿಸ್ ಅವರ ‘ದಿ ಎಂಡ್ ಆಫ್ ದಿ ವರ್ಲ್ಡ್’ ಅದರಲ್ಲಿ ಇದ್ದೇ ಇರುತ್ತೆ. ಇರಲಿ, ಬೇಡ ಅನ್ನಲ್ಲ. ಆದರೆ ಅದನ್ನ ಪ್ರೇಮವೈಫಲ್ಯದ ಹಾಡು ಅಂತಷ್ಟೇ ಹೇಳಿ ಮುಗಿಸಿದರೆ ನಾನು ಒಪ್ಪಲ್ಲ. ನನ್ನ ಪ್ರಕಾರ ಅದು ಸಾವಿನ ಮನೆಯಿಂದ ಎದ್ದು ಬಂದ ಹಾಡು.

ಸಾಹಿತ್ಯ ಸಿಲ್ವಿಯಾ ಡೀ ಅವರದು, ಸಂಗೀತ ಆರ್ಥರ್ ಕೆಂಟ್ ಅವರದು. ಸಿಲ್ವಿಯಾ ಈ ಸಾಲುಗಳನ್ನ ಬರೆದಿದ್ದು ಅಪ್ಪನನ್ನ ಕಳ್ಕೊಂಡ ದುಃಖದಿಂದ. ಇದನ್ನ ಮನಸ್ಸಲ್ಲಿಟ್ಟುಕೊಂಡು ಇನ್ನೊಮ್ಮೆ ಕೇಳಿ. ಸೂರ್ಯ ಯಾಕೆ ಇನ್ನೂ ಬೆಳಗ್ತಿದ್ದಾನೆ, ಅಲೆಗಳು ಯಾಕೆ ದಡಕ್ಕೆ ಬರ್ತಾನೇ ಇವೆ, ಹಕ್ಕಿಗಳು ಯಾಕೆ ಹಾಡ್ತಿವೆ? ಹಾಡಿನ ತುಂಬ ಇವೇ ಪ್ರಶ್ನೆಗಳು. ಬಿಟ್ಟುಹೋದ ಪ್ರಿಯಕರ ಚರಣದ ಕೊನೇಲಿ ಒಮ್ಮೆ ಸುಳಿದು ಹೋಗ್ತಾನೆ, ಅಷ್ಟೇ. ಅವನು ಎಂಥವನು, ಯಾರಿಗೋಸ್ಕರ ಹೋದ, ಒಂದೂ ಹೇಳಲ್ಲ. ಬೈಗುಳ ಇಲ್ಲ, ವಾಪಸ್ ಬಾ ಅನ್ನೋ ಗೋಗರೆತ ಇಲ್ಲ. ಮನೇಲಿ ಸಾವಾದ ಮಾರನೇ ದಿನ ಹಾಲಿನವನು ಎಂದಿನ ಹೊತ್ತಿಗೇ ಬಂದು ಬಾಗಿಲು ಬಡಿದಾಗ ಒಳಗೆ ಏಳುತ್ತಲ್ಲ ಒಂದು ಸಂಕಟ, ಅದು ಈ ಹಾಡಲ್ಲಿದೆ.

ಹಾಡಿದವರ ಬದುಕೂ ಅಂಥದ್ದೇ. ಕೆಂಟಕಿಯ ಹುಡುಗಿ, ಹುಟ್ಟಿದಾಗಿನ ಹೆಸರು ಮೇರಿ ಫ್ರಾನ್ಸಿಸ್ ಪೆನಿಕ್. ಹೈಸ್ಕೂಲ್ ಗೆಳತಿ ಬೆಟ್ಟಿ ಜ್ಯಾಕ್ ಡೇವಿಸ್ ಜೊತೆ ಸೇರಿ ‘ಡೇವಿಸ್ ಸಿಸ್ಟರ್ಸ್’ ಅಂತ ಹಾಡ್ತಿದ್ದರು. 1953ರಲ್ಲಿ, ಅವರ ದೊಡ್ಡ ಹಾಡು ಇನ್ನೇನು ಮೇಲೇರಬೇಕು ಅನ್ನುವಾಗ ಕಾರು ಅಪಘಾತವಾಯ್ತು. ಬೆಟ್ಟಿ ಜ್ಯಾಕ್ ತೀರಿಕೊಂಡರು. ಸ್ಕೀಟರ್ ತೀವ್ರವಾಗಿ ಗಾಯಗೊಂಡು ಬದುಕಿದರು. ಅದಾದ ಮೇಲೆ ಆ ಹಾಡು ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 8 ವಾರ ಮೊದಲ ಸ್ಥಾನದಲ್ಲಿತ್ತು! ಮುಂದೆ ಸ್ಕೀಟರ್ ಒಬ್ಬರೇ ಹಾಡೋಕೆ ಶುರು ಮಾಡಿದಾಗ, ನಿರ್ಮಾಪಕ ಚೆಟ್ ಆಟ್ಕಿನ್ಸ್ ಎಷ್ಟೋ ರೆಕಾರ್ಡುಗಳಲ್ಲಿ ಅವರ ದನಿಗೆ ಅವರದೇ ದನಿಯನ್ನ ಜೊತೆ ಮಾಡಿದರು. ಗೆಳತಿ ಹಾಡಬೇಕಿದ್ದ ಪಾಲನ್ನೂ ಈಕೆಯೇ ಹಾಡಿದರು. ಇಂಥವರು 1962ರಲ್ಲಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನಲ್ಲಿ ಈ ಹಾಡನ್ನ ರೆಕಾರ್ಡ್ ಮಾಡಿದ್ದು.

ಕೇಳಿ ನೋಡಿ, ಎಲ್ಲೂ ಬಿಕ್ಕೋದಿಲ್ಲ. ನನ್ನ ಎದೆ ಯಾಕೆ ಇನ್ನೂ ಬಡೀತಿದೆ ಅನ್ನೋ ಸಾಲು ಕೊನೇಲಿ ಮತ್ತೆ ಬಂದಾಗ ರಾಗ ಬಿಟ್ಟು ಬರೀ ಮಾತಲ್ಲಿ ಕೇಳ್ತಾರೆ. ಅಲ್ಲಿ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತೆ.

ಆಗಿನ ನ್ಯಾಶ್‌ವಿಲ್ ಸಂಗೀತದ ಬಗ್ಗೆ ಒಂದು ಹಳೇ ತಕರಾರಿದೆ. ಹಳ್ಳಿ ಸೊಗಡಿನ ಫಿಡಲ್, ಸ್ಟೀಲ್ ಗಿಟಾರ್ ಹಿಂದೆ ಸರಿಸಿ, ವಯಲಿನ್ ವೃಂದ, ಕೋರಸ್ ತುಂಬಿ ಕಂಟ್ರಿ ಸಂಗೀತವನ್ನ ನಯಮಾಡಿ ಕೆಡಿಸಿದರು ಅಂತ. ಎಷ್ಟೋ ಹಾಡುಗಳ ಮಟ್ಟಿಗೆ ನಾನೂ ಒಪ್ತೀನಿ. ಆದರೆ ಈ ಹಾಡಿಗೆ ಆ ನಯ ಬೇಕೇ ಬೇಕಿತ್ತು. ಫ್ಲಾಯ್ಡ್ ಕ್ರೇಮರ್ ಅವರ ಪಿಯಾನೋ, ಹಿಂದಿನ ಕೋರಸ್, ಎಲ್ಲ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಸಲೀಸಾಗಿ ಸಾಗ್ತವೆ. ಲೋಕ ಯಾಕೆ ನಿಲ್ಲಲಿಲ್ಲ ಅಂತ ಹೆಣ್ಣುಮಗಳು ಕೇಳ್ತಿದ್ದಾಳೆ, ಬೆನ್ನ ಹಿಂದಿನ ವಾದ್ಯಗಳೂ ಅವಳಿಗಾಗಿ ನಿಲ್ಲೋದಿಲ್ಲ.

1963ರ ಮಾರ್ಚ್‌ನಲ್ಲಿ ಹಾಡು ಬಿಲ್‌ಬೋರ್ಡ್ ಹಾಟ್ 100ರಲ್ಲಿ (ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿ) ಎರಡನೇ ಸ್ಥಾನಕ್ಕೆ ಬಂತು. ಮೇಲೆ ರೂಬಿ ಆ್ಯಂಡ್ ದಿ ರೊಮ್ಯಾಂಟಿಕ್ಸ್ ತಂಡದ ಹಾಡು ಕೂತಿತ್ತು. ಕಂಟ್ರಿ ಪಟ್ಟಿಯಲ್ಲೂ ಎರಡು. ಹಗುರ ಹಾಡುಗಳ ಪಟ್ಟಿಯಾದ ಈಜಿ ಲಿಸನಿಂಗ್‌ನಲ್ಲಿ ಒಂದು. ಆರ್ ಆ್ಯಂಡ್ ಬಿ ಪಟ್ಟಿಯಲ್ಲಿ ನಾಲ್ಕು. ಈ ಕೊನೇದರ ಹತ್ತಿರ ಸ್ವಲ್ಪ ನಿಲ್ಲಿ. ಆರ್ ಆ್ಯಂಡ್ ಬಿ ಅಂದರೆ ಮುಖ್ಯವಾಗಿ ಕಪ್ಪು ಜನರು ಕೇಳ್ತಿದ್ದ, ಕೊಳ್ತಿದ್ದ ಸಂಗೀತ. ಕಂಟ್ರಿಗೆ ಕೇಳುಗರು ಹೆಚ್ಚಾಗಿ ಬಿಳಿಯರು. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಪೊಲೀಸರೂ ಅಗ್ನಿಶಾಮಕದವರೂ ವರ್ಣಭೇದದ ವಿರುದ್ಧ ಮೆರವಣಿಗೆ ಹೊರಟ ಕಪ್ಪು ಮಕ್ಕಳ ಮೇಲೆ ನೀರಿನ ಪೈಪು ತಿರುಗಿಸಿದರು, ನಾಯಿ ಬಿಟ್ಟರು. ಒಂದು ಹಾಡು ಆ ಗೋಡೆಯನ್ನ ಕೆಡವಿತು ಅಂತ ನಾನು ಹೇಳ್ತಿಲ್ಲ. ಆದರೆ ಗೋಡೆಯ ಎರಡೂ ಕಡೆ ಜನ ಇದೇ ರೆಕಾರ್ಡನ್ನ ದುಡ್ಡು ಕೊಟ್ಟು ತಂದರು. ಬರೀ ಕೈಕೊಟ್ಟ ಪ್ರಿಯಕರನ ಕಥೆಯಾಗಿದ್ದರೆ ಹಾಡು ಅಷ್ಟು ದೂರ ಹೋಗ್ತಿತ್ತು ಅಂತ ನನಗನ್ನಿಸಲ್ಲ.