ಕಾಗೆ, ಬೀಗ ಮತ್ತು ಆಕಾಶ

ಕೇಳುಗರಿಗೆ ನಮಸ್ಕಾರ.

ದೊಡ್ಡಮ್ಮ ತೀರಿಕೊಂಡು ಹತ್ತನೆಯ ದಿನ. ಹೊಳೆದಂಡೆಯಲ್ಲಿ ಬಾಳೆಎಲೆಯ ಮೇಲೆ ಪಿಂಡವಿಟ್ಟು, ಹಿಂದೆ ಸರಿದು, ನಾವೆಲ್ಲ ಕಾಗೆಗಾಗಿ ಕಾಯುತ್ತಿದ್ದೆವು. ಎದುರಿನ ಮರದಲ್ಲಿ ನಾಲ್ಕೈದು ಕಾಗೆಗಳಿದ್ದವು, ಒಂದೂ ಕೆಳಗಿಳಿಯಲಿಲ್ಲ. ಬಿಸಿಲೇರುತ್ತಿತ್ತು. ಚಿಕ್ಕಪ್ಪ ಬೆವರೊರೆಸಿಕೊಳ್ಳುತ್ತ, "ಏನು ಸೆಕೆ ಮಾರಾಯ" ಎಂದರು. "ಭೂಮಿ ಬಿಸಿಯಾಗ್ತಾ ಇದೆಯಲ್ಲ ಚಿಕ್ಕಪ್ಪ" ಎಂದುಬಿಟ್ಟೆ. ಒಂದು ದಿನದ ಸೆಕೆಯಿಂದ ಹಾಗೆ ಹೇಳಬಾರದಿತ್ತು, ನಿಜ. "ಅದೆಲ್ಲ ನೂರಕ್ಕೆ ನೂರು ಸಾಬೀತಾಗಿದೆಯೇನೋ? ಕಣ್ಣಾರೆ ಕಾಣದ್ದನ್ನ ನಾನು ನಂಬೋನಲ್ಲ" ಎಂದವರೇ ಮತ್ತೆ ಮರದ ಕಡೆ ತಿರುಗಿ ಕಾಗೆಗೆ ಕೈಮುಗಿದರು.

ನಗು ಬಂತು, ನುಂಗಿಕೊಂಡೆ. ಆದರೆ ಪ್ರಶ್ನೆ ಹಗುರವಾದದ್ದಲ್ಲ. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುತ್ತಿದ್ದ ಹಿಂದಿನ ಕಾಲದ ಚಿಂತಕರು, ಚಾರ್ವಾಕರು, ಕೇಳಿದ್ದೂ ಅದನ್ನೇ: ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎನ್ನುತ್ತೀರಲ್ಲ, ಲೋಕದ ಎಲ್ಲ ಹೊಗೆಯನ್ನೂ ಎಲ್ಲ ಕಾಲಕ್ಕೂ ನೋಡಿದವರು ಯಾರು? ನ್ಯಾಯದರ್ಶನದ ಪಂಡಿತ ಉದಯನನ ಉತ್ತರ ನನಗೆ ಇಷ್ಟ. ಸಂಶಯಕ್ಕೂ ಒಂದು ಎಲ್ಲೆಯಿದೆ, ನಿನ್ನ ನಡತೆಗೇ ಅದು ಅಡ್ಡ ಬಂದಲ್ಲಿ ನಿಲ್ಲುತ್ತದೆ, ಎಂದನಾತ. ಹೊಗೆ ಬೇಕಾದಾಗ ನೀನೂ ಬೆಂಕಿಯನ್ನೇ ಹಚ್ಚುತ್ತೀಯಲ್ಲವೇ? ಹಾಗೆ ನೋಡಿದರೆ ಚಾರ್ವಾಕರದು ಒಂದೇ ನಾಲಿಗೆ. ಸುಟ್ಟು ಬೂದಿಯಾದ ದೇಹ ಮರಳಿ ಬರುವುದೆಲ್ಲಿಂದ ಎಂದು ಪರಲೋಕವನ್ನೂ ಅವರು ಅದೇ ತಕ್ಕಡಿಯಲ್ಲಿ ತೂಗಿದರು. ಚಿಕ್ಕಪ್ಪ ಮಾತ್ರ ಸೆಕೆಯ ವಿಷಯಕ್ಕಷ್ಟೇ ಚಾರ್ವಾಕ.

ಸಾವಿನಾಚೆಯದನ್ನು ಪುರಾವೆಯ ದಾರಿಯಲ್ಲಿ ಹುಡುಕಿದವರಿಲ್ಲವೇ? ಇದ್ದಾರೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್ಸನ್, ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳ 2,000ಕ್ಕೂ ಹೆಚ್ಚು ಪ್ರಕರಣಗಳನ್ನು ಕಲೆಹಾಕಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಕೂಡ ಅವರ ಜೊತೆ ಕೆಲಸ ಮಾಡಿದವರು. ಇಷ್ಟೆಲ್ಲ ಮಾಡಿಯೂ ಸ್ಟೀವನ್ಸನ್ ‘ಸಾಬೀತಾಯಿತು’ ಎನ್ನಲಿಲ್ಲ, ‘ಸೂಚಿಸುತ್ತದೆ’ ಎಂದರು. ಅನೇಕ ಪ್ರಕರಣಗಳಲ್ಲಿ ಅವರು ಊರು ತಲುಪುವ ಹೊತ್ತಿಗೆ ಮಗುವಿನ ಮನೆಯವರೂ ಹಿಂದಿನ ಜನ್ಮದ್ದೆನ್ನುವ ಮನೆಯವರೂ ಭೇಟಿಯಾಗಿ ಮಾತಾಡಿಕೊಂಡಾಗಿರುತ್ತಿತ್ತು. ಮಗು ಮೊದಲು ಹೇಳಿದ್ದೇನು, ಆಮೇಲೆ ಸೇರಿದ್ದೇನು ಎಂದು ಬಿಡಿಸುವುದು ಸುಲಭವಲ್ಲ.

ಅದಕ್ಕೇ ಇರಬೇಕು, ಅವರೊಂದು ಬೀಗ ತಂದರು. ಅಂಕಿಗಳನ್ನು ಜೋಡಿಸಿ ತೆರೆಯುವ ಬೀಗ. ಆ ಅಂಕಿಗಳನ್ನು ಯಾರಿಗೂ ಹೇಳದೆ, ಸತ್ತ ಮೇಲೆ ಸಾಧ್ಯವಾದರೆ ತಿಳಿಸುತ್ತೇನೆ ಎಂದು ಕಚೇರಿಯ ಕಪಾಟಿನಲ್ಲಿಟ್ಟರು. ಸ್ಟೀವನ್ಸನ್ 2007ರಲ್ಲಿ ತೀರಿಕೊಂಡರು. ಬೀಗ ತೆರೆದ ಸುದ್ದಿ ಬಂದಿಲ್ಲ. ಇದರಿಂದ ಪರಲೋಕವಿಲ್ಲ ಎಂದಾಗುವುದಿಲ್ಲ. ಆದರೂ ಆ ಮನುಷ್ಯನ ಬಗ್ಗೆ ನನಗೆ ಗೌರವ. ಸೋಲಬಹುದಾದ ಪರೀಕ್ಷೆಯನ್ನು ತಾನೇ ಒಡ್ಡಿಕೊಂಡರಲ್ಲ. ನಮ್ಮ ಕಾಗೆಗೆ ಸೋಲೇ ಇಲ್ಲ ನೋಡಿ! ಬಂದರೆ ಆತ್ಮಕ್ಕೆ ತೃಪ್ತಿ, ಬಾರದಿದ್ದರೆ ಆಸೆ ಬಾಕಿ.

ಈಗ ಬಿಸಿಲಿಗೆ ಬರೋಣ. ಭೂಮಿ ಬಿಸಿಯಾಗುವುದಕ್ಕೆ ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಕೆಳಗಿನ ಪದರವೂ ಮೇಲಿನದೂ ಒಟ್ಟಿಗೆ ಕಾಯಬೇಕು. ಇಂಗಾಲದ ಡೈಆಕ್ಸೈಡ್ ಕಾರಣವಾಗಿದ್ದರೆ ಕೆಳಗೆ ಕಾದು, ಮೇಲೆ, ಅಂದರೆ ಶಾಲೆಯಲ್ಲಿ ಓದಿದ ಸಮೋಷ್ಣ ಮಂಡಲದಲ್ಲಿ, ತಣ್ಣಗಾಗಬೇಕು. ಹವಾಮಾನ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಇದನ್ನು ಲೆಕ್ಕ ಹಾಕಿಟ್ಟಿದ್ದರು. ಆಗ ಅಳೆದು ನೋಡಲು ಉಪಗ್ರಹಗಳ ದಾಖಲೆ ಇರಲಿಲ್ಲ. ಮುಂದೆ ಅಳೆದಾಗ ಕಂಡದ್ದು ಹಾಗೆಯೇ: ಕೆಳಗೆ ಬಿಸಿ, ಮೇಲೆ ತಂಪು. ಓಝೋನ್ ಸವೆತದ ಪಾಲೂ ಆ ತಂಪಿನಲ್ಲಿದೆ, ಆದರೆ ಅದೊಂದರಿಂದಲೇ ಲೆಕ್ಕ ಕೂಡುವುದಿಲ್ಲ. ಮನಾಬೆಯವರಿಗೆ 2021ರಲ್ಲಿ ನೊಬೆಲ್ ಬಂತು.

ನೂರಕ್ಕೆ ನೂರೇ? ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ ವರದಿಗಳು ಹೇಗೆ ತಡವರಿಸುತ್ತ ಬಂದವು ನೋಡಿ. 1995ರಲ್ಲಿ, ಮನುಷ್ಯನ ಕೈವಾಡ ಕಾಣತೊಡಗಿದೆ. 2001ರಲ್ಲಿ, ಸಂಭವ ಶೇ. 66ಕ್ಕಿಂತ ಹೆಚ್ಚು. 2007ರಲ್ಲಿ ಶೇ. 90, 2013ರಲ್ಲಿ ಶೇ. 95. ಸಂಶಯಕ್ಕೆ ಎಡೆಯಿಲ್ಲ ಎಂಬ ಮಾತು ಬಂದದ್ದು 2021ರಲ್ಲಿ. ಈ ತಡವರಿಕೆಯನ್ನೇ ಕೆಲವರು ದೌರ್ಬಲ್ಯ ಎನ್ನುತ್ತಾರೆ. ನನಗೋ, ಶೇ. 66ರ ಹೊತ್ತಿನಲ್ಲಿ 66 ಎಂದೇ ಹೇಳಿದವರು 95 ಎಂದಾಗ ಕಿವಿಗೊಡಬೇಕು ಅನಿಸುತ್ತದೆ. ಎಷ್ಟು ಬೇಗ, ಯಾವ ಊರಲ್ಲಿ ಎಷ್ಟು ಮಳೆ ಎಂಬಲ್ಲಿ ಅವರು ಈಗಲೂ ಹುಷಾರಾಗಿಯೇ ಮಾತಾಡುತ್ತಾರೆ.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೊಳೆದಂಡೆಯಲ್ಲಿ ಹೇಳಲಿಲ್ಲ. ಅವತ್ತು ಅಲ್ಲಿ ಬೇಕಿದ್ದದ್ದು ಪುರಾವೆಯಲ್ಲ. ಹನ್ನೆರಡೂವರೆಯಾದರೂ ಕಾಗೆ ಇಳಿಯದಾಗ ಅವರೇ ಎರಡು ಹೆಜ್ಜೆ ಮುಂದೆ ಹೋಗಿ, ಗದ್ಗದ ಕಂಠದಲ್ಲಿ, "ಅತ್ತಿಗೆ, ಹಸು ಮಾರಲ್ಲ. ಬನ್ನಿ" ಎಂದರು. ಸ್ವಲ್ಪ ಹೊತ್ತಿಗೆ ಕಾಗೆಯೊಂದು ಬಂದು ಅನ್ನಕ್ಕೆ ಕೊಕ್ಕು ಹಾಕಿತು. ಚಿಕ್ಕಪ್ಪ ತಿರುಗಿ ನನ್ನತ್ತ ಹುಬ್ಬು ಹಾರಿಸಿದರು. ನಾನು ಮಾತಾಡಲಿಲ್ಲ.

ಹಸು ಇನ್ನೂ ಕೊಟ್ಟಿಗೆಯಲ್ಲಿದೆ. ನಮಸ್ಕಾರ.